ಹೆಕ್ಕಿದ ಕಲ್ಲು, ಇಟ್ಟ ಹೆಸರು

ಕಲ್ಲನ್ನು ತಾನೇ ಹೆಕ್ಕಿ, ತಾನೇ ಸಾಣೆ ಹಿಡಿದು, ಬೆಳ್ಳಿಯಲ್ಲಿ ಕೂರಿಸುವ ಆಭರಣಗಳಿಗೆ ಈಗ ಗೌರವ ದೊರೆಯುತ್ತಿದೆ. ಭೇರ್ಯದ ಸುತ್ತಿನ ಓದುಗರಿಗೆ ಇದು ದೂರದ ಸಂಗತಿಯಲ್ಲ. ಮೈಸೂರು ಜಿಲ್ಲೆಯ ನೆಲದಲ್ಲಿ ಕುರುಂದದ ಕಲ್ಲು ದೊರೆಯುತ್ತದೆ. ಮಾಣಿಕ್ಯವೂ ನೀಲವೂ ಖನಿಜದೃಷ್ಟಿಯಿಂದ ಕುರುಂದವೇ. ಆದರೆ ಕುರುಂದವೆಲ್ಲ ಮಾಣಿಕ್ಯವಲ್ಲ. ಇಂತಹ ಆಭರಣಗಳ ವಿಮರ್ಶೆ ಇಲ್ಲಿಂದಲೇ ಆರಂಭವಾಗಬೇಕು.

ನಮ್ಮ ಭಾಗದ ಕೆಂಪು ಕಲ್ಲು ಬಹುಪಾಲು ಮಬ್ಬಾದುದು, ಬೆಳಕನ್ನು ಒಳಗೆ ಬಿಡದು. ಪೇಟೆಯ ಹರಳನ್ನು ಅನುಕರಿಸಿ ಅದಕ್ಕೆ ಮುಖಗಳನ್ನು ಕಡೆದರೆ ಬಣ್ಣ ಸತ್ತು ಬಿರುಕುಗಳಷ್ಟೇ ಕಾಣುತ್ತವೆ. ಗುಮ್ಮಟದಂತೆ ನುಣುಪಾಗಿ ತೇದಾಗ ಅದರ ನಿಜಗುಣ ಹೊರಬರುತ್ತದೆ. ಕೆಲವು ಕಲ್ಲುಗಳಲ್ಲಿ, ಹರಳಿನ ಅಕ್ಷವನ್ನು ಗುರುತಿಸಿ ತಳವನ್ನು ಅದಕ್ಕೆ ಅಡ್ಡಲಾಗಿ ಕತ್ತರಿಸಿದ್ದರೆ, ಒಂಟಿ ದೀಪದ ಕೆಳಗೆ ಆರು ಕಿರಣಗಳ ನಕ್ಷತ್ರವೇ ಮೂಡುತ್ತದೆ. ಒಳಗೆ ಹರಡಿರುವ ರೂಟೈಲಿನ ಸೂಕ್ಷ್ಮ ಎಳೆಗಳು ಇದಕ್ಕೆ ಕಾರಣ. ವರ್ತಕನು ದೋಷವೆಂದು ಬೆಲೆ ಇಳಿಸುವ ಬೆರಕೆಯೇ ಇಲ್ಲಿ ಶೋಭೆ! ಕಾಠಿಣ್ಯದಲ್ಲಿ ವಜ್ರಕ್ಕೆ 10 ಆದರೆ ಕುರುಂದಕ್ಕೆ 9. ತೇಯುವವನ ತಾಳ್ಮೆಯನ್ನು ಇದರಿಂದ ಊಹಿಸಬಹುದು.

ಕೈಕೆಲಸವೆಂಬ ಮಾತಿಗೆ ಮಾತ್ರ ಮರುಳಾಗಬಾರದು. ಗುಜರಾತಿನ ಖಂಭಾತಿನಲ್ಲಿ ಅಕೀಕು ಕಲ್ಲು ತೇಯುವವರು ಅದರ ಧೂಳಿನಿಂದ ಸಿಲಿಕೋಸಿಸ್ ರೋಗಕ್ಕೆ ತುತ್ತಾಗಿದ್ದಾರೆ. ಅದೂ ಕೈಕೆಲಸವೇ. ನೀರು ಹನಿಸುತ್ತ ತನ್ನ ಕಲ್ಲನ್ನು ತಾನೇ ತೇಯುವವನು ಆ ಹಿಂಸೆಯನ್ನು ಬೇರೊಬ್ಬರ ಶ್ವಾಸಕ್ಕೆ ವರ್ಗಾಯಿಸುವುದಿಲ್ಲ. ಈ ಕಲೆಯ ದೊಡ್ಡ ಗುಣ ಇದೇ ಎಂದು ನನ್ನ ಅಭಿಪ್ರಾಯ. ಅನ್ಯರ ಹೊಲದಲ್ಲಿ ಹೆಕ್ಕುವಾಗ ಒಡೆಯನ ಅನುಮತಿ ಬೇಕೆಂಬುದನ್ನು ಶ್ರಾವಕರಿಗೆ ಹೇಳಬೇಕಾಗಿಲ್ಲ.

ಇನ್ನು ಬೆಲೆಯ ಪ್ರಶ್ನೆ. ಅಲಾವುದ್ದೀನ್ ಖಿಲ್ಜಿಯ ಭಂಡಾರವನ್ನು ಬಲ್ಲ ಜೈನ ಗೃಹಸ್ಥ ಠಕ್ಕುರ ಫೇರು 1315ರಲ್ಲಿ ಪ್ರಾಕೃತದಲ್ಲಿ ‘ರತ್ನಪರೀಕ್ಷೆ’ಯನ್ನು ರಚಿಸಿದನು. ಆಕರ, ಗುಣ, ದೋಷ, ತೂಕ, ಬೆಲೆ ಇವು ಅಂತಹ ಶಾಸ್ತ್ರದ ವಿಷಯಗಳು. ಹೆಕ್ಕಿದವನ ಶ್ರಮಕ್ಕೆ ಅಲ್ಲಿ ಎಣಿಕೆಯಿಲ್ಲ. ಇಂದಿನ ಕುಶಲಕರ್ಮಿಯು ಶ್ರಮಕ್ಕೂ ಬೆಲೆ ಕೇಳುತ್ತಾನೆ. ಅದು ನ್ಯಾಯವೇ. ಆದರೆ ಶ್ರಮದ ಬೆಲೆಯನ್ನು ‘ಮಾಣಿಕ್ಯ’ವೆಂಬ ಹೆಸರಿನಲ್ಲಿ ಅಡಗಿಸಿ ವಸೂಲು ಮಾಡುವುದು ಬೇರೆ ಮಾತು. ತತ್ತ್ವಾರ್ಥಸೂತ್ರವು ಅಚೌರ್ಯ ವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವನ್ನೂ ಎಣಿಸಿದೆ. ಮಂಕಾದ ಹರಳಿನ ಅಡಿಗೆ ಕೆಂಪು ತಗಡಿಟ್ಟು, ಹಿಂಬದಿಯನ್ನು ಬೆಳ್ಳಿಯಿಂದ ಮುಚ್ಚಿ ಮಾರುವುದು ಆ ಅತಿಚಾರದ ಅಂಚಿಗೆ ಬರುತ್ತದೆ. ಕೊಳ್ಳುವವನಿಗೆ ಕೊಡುವ ಚೀಟಿಯಲ್ಲಿ ಕುರುಂದವೆಂದೇ ಬರೆದು, ಬೆಳ್ಳಿಗೆ ಇಷ್ಟು, ಕಲ್ಲಿಗೆ ಇಷ್ಟು, ಮಜೂರಿಗೆ ಇಷ್ಟು ಎಂದು ಬೇರೆಬೇರೆಯಾಗಿ ತೋರಿಸಿದರೆ ಕಲ್ಲಿನ ಅಂಕಣ ಬಹಳ ಚಿಕ್ಕದಾಗಿಯೂ ಮಜೂರಿಯದು ದೊಡ್ಡದಾಗಿಯೂ ಇರುತ್ತದೆ.