ತೋಳ ಆದವನು, ತೋಳ ಅನ್ನಿಸಿಕೊಂಡವನು

ಮಾಚೇನಹಳ್ಳಿಯ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿದ ಹುಡುಗರು ಭದ್ರಾವತಿ ಬಸ್ಸಿಗೆ ಕಾಯುತ್ತಾ ಮೊಬೈಲಿನಲ್ಲಿ ಇಂಗ್ಲಿಷ್ ಸಿನಿಮಾ ನೋಡುತ್ತಿದ್ದರು. ಹುಣ್ಣಿಮೆ ಬಂತು, ಮನುಷ್ಯನ ಮೈತುಂಬ ಕೂದಲು ಬೆಳೆದು ಅವನು ತೋಳವಾದ. 'ಸಾರ್, ಇಂಥ ಕತೆ ನಮ್ ಕಡೆ ಯಾಕಿಲ್ಲ?' ಅಂತ ಒಬ್ಬ ಕೇಳಿದ. ಇದೆ ತಮ್ಮಾ. ಆದರೆ ಬರೀ ಕತೆಯಾಗಿ ಅದು ಅಲ್ಲೂ ಉಳಿಯಲಿಲ್ಲ, ಇಲ್ಲೂ ಉಳಿಯಲಿಲ್ಲ. ಬಸ್ಸು ಬಂದು ಮಾತು ಅರ್ಧಕ್ಕೇ ನಿಂತಿತು. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ತೋಳಮನುಷ್ಯನಿಗೆ ಫ್ರೆಂಚರು 'ಲೂ ಗಾರು' ಅನ್ನುತ್ತಾರೆ. 12ನೇ ಶತಮಾನದಲ್ಲಿ ಮಾರಿ ದ ಫ್ರಾನ್ಸ್ ಎಂಬ ಕವಯಿತ್ರಿ 'ಬಿಸ್ಕ್ಲಾವ್ರೆ' ಎಂಬ ಕಥನಕವನ ಬರೆದಳು. ಅದರ ನಾಯಕ ಒಬ್ಬ ಜಹಗೀರುದಾರ. ವಾರಕ್ಕೆ ಮೂರು ದಿನ ತೋಳವಾಗುತ್ತಾನೆ. ಕಳಚಿಟ್ಟ ಬಟ್ಟೆಯನ್ನು ಹೆಂಡತಿ ಕದಿಸಿದ್ದರಿಂದ ಮತ್ತೆ ಮನುಷ್ಯನಾಗಲಾರದೆ ಕಾಡು ಸೇರುತ್ತಾನೆ. ಬೇಟೆಗೆ ಬಂದ ರಾಜ ಕನಿಕರಪಟ್ಟು ಅರಮನೆಯಲ್ಲೇ ಇಟ್ಟುಕೊಳ್ಳುತ್ತಾನೆ. ತೋಳ ಒಂದು ದಿನ ಹೆಂಡತಿಯ ಮೂಗನ್ನೇ ಕಚ್ಚಿ ಕಿತ್ತುಬಿಡುತ್ತದೆ. ಆಗಲೂ ಚಿತ್ರಹಿಂಸೆ ಆ ಹೆಂಗಸಿಗೇ! ಕೊನೆಗೆ ಇವನಿಗೆ ಬಟ್ಟೆಯೂ ಬಂತು, ಜಮೀನೂ ಬಂತು. ಜಮೀನಿದ್ದವನು ಮೃಗವಾದರೆ ಅದು ಅವನ ಸಂಕಟ, ಓದುವವರು ಕಣ್ಣೀರು ಹಾಕಬೇಕು.

ಜಮೀನಿಲ್ಲದವನ ಪಾಡು ನೋಡಿ. ಈಗ ಫ್ರಾನ್ಸಿಗೆ ಸೇರಿದ ದೋಲ್ ಊರಿನ ಹತ್ತಿರ ಜೀಲ್ ಗಾರ್ನಿಯೇ ಅನ್ನೋ ಬಡವ ಇದ್ದ. ಊರಾಚೆ ಒಂಟಿ ವಾಸ, ಹೆಂಡತಿಯನ್ನು ಸಾಕುವುದೇ ಕಷ್ಟ. ಮಕ್ಕಳನ್ನು ಕೊಂದು ತಿಂದ ತೋಳ ಇವನೇ ಎಂದು ಹಿಡಿದು, 1574ರಲ್ಲಿ ಸುಟ್ಟುಹಾಕಿದರು. ಆ ಮಾಂಸದಲ್ಲಿ ಹೆಂಡತಿಗೂ ಸ್ವಲ್ಪ ಒಯ್ದೆ ಅಂತ ಅವನ ತಪ್ಪೊಪ್ಪಿಗೆಯಲ್ಲಿದೆ. ಮಕ್ಕಳು ಸತ್ತದ್ದು ಸುಳ್ಳಲ್ಲ. ಅವನು ಏನೂ ಮಾಡಿಲ್ಲ ಎಂದು ನಾವು ವಕಾಲತ್ತು ವಹಿಸುತ್ತಿಲ್ಲ. ಆದರೆ ಹಸಿದವನ ಬಾಯಿಂದಲೇ 'ನಾನು ತೋಳ' ಅನ್ನಿಸುವ ಕೋರ್ಟು ಜಹಗೀರುದಾರನಿಗೆ ಯಾಕಿರಲಿಲ್ಲ? 1603ರಲ್ಲಿ ಬೋರ್ದೋ ಕೋರ್ಟಿನ ಮುಂದೆ ನಿಂತ ಜಾನ್ ಗ್ರೆನಿಯೇಯೂ ದನ ಕಾಯುವ ಹುಡುಗ, ಹದಿಮೂರು ಹದಿನಾಲ್ಕರ ಪ್ರಾಯ. ಅವನಿಗೆ ಬುದ್ಧಿ ನೆಟ್ಟಗಿಲ್ಲವೆಂದು ಮಠದೊಳಗೆ ಕೂಡಿಹಾಕಿದರು. ಅಷ್ಟಾದರೂ ಜೀವ ಉಳಿಯಿತು.

ಹಾಲಿವುಡ್ಡು ಇದನ್ನು ಚೆನ್ನಾಗಿ ಕಲಿತಿದೆ. 1941ರ 'ದಿ ವುಲ್ಫ್ ಮ್ಯಾನ್' ಚಿತ್ರದ ನಾಯಕ ಕೋಟೆಮನೆಯ ವಾರಸುದಾರ. ಅವನನ್ನು ಕಚ್ಚಿ ರೋಗ ಅಂಟಿಸುವವನು ಮಾತ್ರ ಒಬ್ಬ ಜಿಪ್ಸಿ, ಊರೂರು ತಿರುಗುವ ಅಲೆಮಾರಿ. ಸಂಕಟ ಧಣಿಗೆ, ವಿಷ ಅಲೆಮಾರಿಯ ಹಲ್ಲಿನಲ್ಲಿ!

ಈಗ ನಮ್ಮ ಕಡೆಗೆ ಬರೋಣ. ನೀಲಗಿರಿಯ ಬಡಗರ ಮಾತು ಕನ್ನಡದ ಒಡಹುಟ್ಟು. ಬಡಗು ಅಂದರೆ ಉತ್ತರ, ಮೈಸೂರು ಸೀಮೆಯಿಂದ ಬೆಟ್ಟ ಹತ್ತಿದವರು ಎಂಬುದು ಅವರದೇ ಹೇಳಿಕೆ. ಅದೇ ಬೆಟ್ಟದ ಕಾಡಿನಲ್ಲಿ ಕುರುಂಬರು ಇದ್ದಾರೆ. (ನಮ್ಮ ಕುರಿ ಕಾಯುವ ಕುರುಬರೆಂದು ಗೊಂದಲ ಬೇಡ.) ಬಡಗರ ಹೊಲದಲ್ಲಿ ಬಿತ್ತನೆಯ ಮೊದಲ ಕಾಳು ಕುರುಂಬನ ಕೈಯಿಂದಲೇ ಬೀಳಬೇಕಿತ್ತು. ಆ ಕೈಗೇ ಅಂಜಿಕೆ! ಅವನಿಗೆ 'ಒಡಿ' ಎಂಬ ಮಾಟ ಗೊತ್ತು, ಕರಡಿಯಾಗಿ ಹುಲಿಯಾಗಿ ಬರ್ತಾನೆ ಅಂತ. ಊರಿಗೆ ಬೇನೆ ಬಂದರೆ, ದನ ಸತ್ತರೆ ಕುರುಂಬನೇ ಕಾರಣ. 1835ರಲ್ಲಿ 48 ಕುರುಂಬರನ್ನು ಕೊಂದರು. 1875ರಲ್ಲಿ, 1882ರಲ್ಲಿ ಮತ್ತೆ ಕೊಲೆಗಳಾದವು. 1900ರಲ್ಲಿ ಒಂದು ಸಂಸಾರವನ್ನೇ ಮುಗಿಸಿದರು. ಆ ಮನೆಯ ಯಜಮಾನ ಮದ್ದು ಕೊಡುವವನಾಗಿದ್ದ. ಇದೆಲ್ಲ 1909ರಲ್ಲಿ ಅಚ್ಚಾದ ಥರ್ಸ್ಟನ್ನನ ಜಾತಿ-ಬುಡಕಟ್ಟುಗಳ ಸಂಪುಟಗಳಲ್ಲೇ ಇದೆ. ನಮ್ಮ ಜಾನಪದ ವಿದ್ವಾಂಸರು ರೂಪಾಂತರದ 'ಆಶಯ'ಗಳನ್ನು ಪಟ್ಟಿ ಮಾಡುವಾಗ ಈ ಹೆಣಗಳನ್ನೂ ಎಣಿಸಬೇಕಿತ್ತು.

ಹಾಗಾದರೆ ಕನ್ನಡದಲ್ಲಿ ಯಾರೂ ಈ ಕತೆಯನ್ನು ತಿರುಗಿಸಿ ಹೇಳಿಲ್ಲವೇ? ಚಂದ್ರಶೇಖರ ಕಂಬಾರರು 1964ರಲ್ಲಿ 'ಹೇಳತೇನ ಕೇಳ' ಬರೆದರು. ಗೌಡನನ್ನು ಕೊಂದ ರಾಕ್ಷಸ ಗೌಡನ ರೂಪದಲ್ಲೇ ಊರು ಹೊಕ್ಕು ಗೌಡಿಕೆ ಮಾಡುತ್ತಾನೆ, ಊರು ಬರಗೆಡುತ್ತದೆ. ಮೃಗವನ್ನು ಕೇರಿಯಲ್ಲಿ ಹುಡುಕದೆ ದೊಡ್ಡಮನೆಯ ಗಾದಿಯ ಮೇಲೆ ಕೂರಿಸಿದ್ದು ದೊಡ್ಡ ಕೆಲಸವೇ ಸರಿ. ಆ ನುಡಿಗಟ್ಟಿನ ಕಸುವಿಗೆ ನಾವೂ ಮರುಳಾದವರೇ.

ಆದರೂ ಒಂದು ತಕರಾರಿದೆ. ಕೆಟ್ಟವನು ಹೊರಗಿಂದ ಬಂದ ವೇಷಧಾರಿ, ನಿಜವಾದ ಗೌಡ ಸತ್ತ, ಅವನಿದ್ದಾಗ ಊರು ಹಸಿರಾಗಿತ್ತು. ಅಲ್ಲಿಗೆ ಗೌಡಿಕೆಗೆ ಖುಲಾಸೆ ಸಿಕ್ಕಿತು. ಬಿಸ್ಕ್ಲಾವ್ರೆಗೆ ಬಟ್ಟೆ ವಾಪಸ್ ಸಿಕ್ಕ ಹಾಗೇ ಇದು. ಆ ಹಸಿರು ಯಾರ ಹೊಲದ್ದು, ಬೆವರು ಯಾರದ್ದು ಅಂತ ಕಾವ್ಯ ಕೇಳೋದಿಲ್ಲ. ಗೌಡ ಬದಲಾದದ್ದನ್ನು ಅವನ ಹೆಂಡತಿಯ ಮಗ್ಗುಲಿನಿಂದ ನೋಡುತ್ತೇವೆ, ಊರಿನ ಬರದಲ್ಲಿ ನೋಡುತ್ತೇವೆ. ಅದೇ ಮನೆಯ ಕೊಟ್ಟಿಗೆಯಲ್ಲಿ ಸಗಣಿ ಬಾಚುವ ಹೊಲಗೇರಿಯ ಹೆಂಗಸೊಬ್ಬಳು ಇದ್ದೇ ಇರುತ್ತಾಳಲ್ಲ, ಅವಳ ಬಾಯಲ್ಲಿ ಈ ಕತೆ ಕೇಳಬೇಕೆಂದು ನಮಗೆ ಆಸೆ. ಹಳೇ ಗೌಡ ಹೋಗಿ ಹುಲಿ ಬಂದ ದಿನ ಯಾವುದು ಅಂತ ಅವಳನ್ನು ಕೇಳಿದರೆ, 'ಯಾವ ದಿನ ಅಂತೀರಿ ಸ್ವಾಮಿ, ನಮ್ಮವ್ವನ ಕಾಲದಾಗೂ ಹಿಂಗೇ ಗುರ್ ಅಂತಿದ್ದ' ಅಂದಾಳು.