ಕರೆಂಟಿನ ಹಗೇವು

ಬೆಟಗೇರಿ ಎಂದರೆ ಗದಗಿನದೇ ಎಂದುಕೊಳ್ಳುವವರು ಬಹಳ. ನಾನು ಹೇಳುತ್ತಿರುವುದು ಧಾರವಾಡ ತಾಲೂಕಿನ ಉಪ್ಪಿನಬೆಟಗೇರಿ. ಈ ಎರಿಸೀಮೆಗೆ ಕೂಡಿಡುವ ವಿದ್ಯೆ ಹೊಸದಲ್ಲ. ಸುಗ್ಗಿಯ ಜೋಳ ನೆಲದೊಳಗಿನ ಹಗೇವಿಗೆ ಇಳಿಯುತ್ತಿತ್ತು. ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಮಳೆ ಕೈಕೊಟ್ಟ ವರ್ಷವೂ ಮನೆಗೆ ಧೈರ್ಯ.

ಗಾಳಿ, ಬಿಸಿಲಿನ ಸುಗ್ಗಿಗೆ ಹಗೇವು ಎಲ್ಲಿದೆ? ಆಷಾಢದಲ್ಲಿ ಕಪ್ಪತಗುಡ್ಡದ ಫ್ಯಾನುಗಳು ನಿಲ್ಲದೆ ತಿರುಗುತ್ತವೆ, ಆ ಕರೆಂಟು ಆಗಲೇ ಖರ್ಚಾಗಬೇಕು. ಬ್ಯಾಟರಿ ಅದನ್ನು ರಸಾಯನ ಮಾಡಿ ಇಡುತ್ತದೆ. ಗುಡ್ಡಕ್ಕೆ ಏರಿಸಿದ ನೀರು ಅದನ್ನು ಎತ್ತರ ಮಾಡಿ ಇಡುತ್ತದೆ. ಎರಡೂ ಉಪಯೋಗದವೇ. ನನ್ನ ಮನಸ್ಸು ಹೋಗಿರುವುದು ಮಾತ್ರ ಕರೆಂಟನ್ನು ಕರೆಂಟಾಗಿಯೇ ಇಟ್ಟುಕೊಳ್ಳುವ ಅಯಸ್ಕಾಂತದ ಸುರುಳಿಯ ಮೇಲೆ.

1911ರಲ್ಲಿ ಲೈಡನ್ನಿನ ಕಾಮರ್ಲಿಂಗ್ ಓನ್ಸ್ ಪಾದರಸವನ್ನು ಸೊನ್ನೆಗಿಂತ 269 ಡಿಗ್ರಿ ಕೆಳಗೆ ತಣಿಸಿದಾಗ ಅದರ ವಿದ್ಯುತ್ ರೋಧವೇ ಮಾಯವಾಯಿತು. ಅಂಥ ಗುಣದ ತಂತಿಯನ್ನು ಸುತ್ತಿ ದ್ರವ ಹೀಲಿಯಂನಲ್ಲಿ ಮುಳುಗಿಸುತ್ತಾರೆ. ತುಂಬುವ ಬಗೆ ನೋಡಿ, ಎಷ್ಟು ನಾಜೂಕು! ಸುರುಳಿಯ ಒಂದು ತುಣುಕನ್ನು ಚೂರು ಬೆಚ್ಚಗೆ ಮಾಡಿದರೆ ಅಲ್ಲಿ ದಾರಿ ಕಟ್ಟಿದಂತೆ. ಹೊರಗಿನಿಂದ ಕರೆಂಟು ಹರಿಸಿ, ಆ ತುಣುಕನ್ನು ಮತ್ತೆ ತಣ್ಣಗಾಗಲು ಬಿಟ್ಟು, ಹೊರಗಿನ ತಂತಿಯನ್ನು ಬಿಚ್ಚಿಕೊಂಡು ಹೋಗಬಹುದು. ಒಳಗೆ ಕರೆಂಟು ಸುತ್ತುತ್ತಲೇ ಇರುತ್ತದೆ, ದಣಿವಿಲ್ಲದೆ, ವರ್ಷಗಟ್ಟಲೆ. ಇನ್ನೂ ಸೋಜಿಗವೆಂದರೆ ಶಕ್ತಿ ತುಂಬಿರುವುದು ತಂತಿಯಲ್ಲಲ್ಲ, ಸುರುಳಿಯ ನಡುವಿನ ಬಯಲಲ್ಲಿ. ಕಾಂತಬಲ 10 ಟೆಸ್ಲಾ ಇದ್ದರೆ ಒಂದು ಘನ ಮೀಟರ್ ಬಯಲಿನಲ್ಲಿ ಸುಮಾರು 11 ಯೂನಿಟ್!

ಇದನ್ನು ಕಾಣಲು ಲೈಡನ್‌ಗೆ ಹೋಗಬೇಕಿಲ್ಲ. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗಳ ಎಂಆರ್‌ಐ ಯಂತ್ರದ ಹೊಟ್ಟೆಯಲ್ಲಿರುವುದೂ ಇಂಥದೇ ಸುರುಳಿ. ಒಳಗೆ ಮಲಗಿದವರನ್ನು ಹೆದರಿಸುವ ಆ ಕಟಕಟ ಬೇರೆ ಸಣ್ಣ ಸುರುಳಿಗಳದು, ದೊಡ್ಡದು ಮೌನಿ. ಊರಿಗೆ ಕರೆಂಟು ಹೋದರೂ ಅದರದು ಹೋಗುವುದಿಲ್ಲ.

ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ, ಮೊದಲು ದೀಪ ಇಳಿಬಿಟ್ಟು ನೋಡುತ್ತಿದ್ದರು. ಸುರುಳಿಯ ಭಯವೂ ಅದೇ ಜಾತಿಯದು. ತಂಪು ತಪ್ಪಿದರೆ ಹೀಲಿಯಂ ಒಮ್ಮೆಲೇ ಆವಿಯಾಗಿ ಕೋಣೆಯ ಉಸಿರಾಡುವ ಗಾಳಿಯನ್ನು ಹೊರದಬ್ಬುತ್ತದೆ. ಅದಕ್ಕೆಂದೇ ಕಟ್ಟಡದ ಹೊರಗೆ ತೆರೆಯುವ ಕೊಳವೆ ಇಟ್ಟಿರುತ್ತಾರೆ.

ಹಾಗಾದರೆ ಊರಿನ ರಾತ್ರಿಯನ್ನು ಇದು ಬೆಳಗೀತೇ? ಇಲ್ಲ. ತಂಪು ಕಾಯುವ ಖರ್ಚೇ ಮನೆ ತೊಳೆಯುತ್ತದೆ. ಆದರೆ ಸೋಲಾರ್ ಹಲಗೆಯ ಮೇಲೆ ಮೋಡ ಹಾದ ಗಳಿಗೆ, ಗಾಳಿ ಥಟ್ಟನೆ ಬಿದ್ದ ಗಳಿಗೆ, ಕಣ್ಣು ಮಿಟುಕಿಸುವುದರೊಳಗೆ ಕರೆಂಟು ಕೊಟ್ಟು ಲೈನಿನ ತೂಗಾಟ ನಿಲ್ಲಿಸುವುದರಲ್ಲಿ ಇದಕ್ಕೆ ಸಾಟಿ ಕಡಿಮೆ. ರೊಟ್ಟಿಯ ಕೆಲಸ ನೀರು, ಬ್ಯಾಟರಿಗಳಿಗೆ ಇರಲಿ. ಇದರದು ಉಪ್ಪಿನ ಕೆಲಸ, ಚಿಟಿಕೆಯದು. ಅಮೆರಿಕದ ಟಕೋಮಾದಲ್ಲಿ 1983ರಲ್ಲಿ ಇಂಥ ಸುರುಳಿಯನ್ನು ಲೈನಿಗೆ ಜೋಡಿಸಿದ್ದು ಆ ತೂಗಾಟ ತಡೆಯಲೆಂದೇ. ಅದು ಹಿಡಿಯುತ್ತಿದ್ದದ್ದು 3 ಕೋಟಿ ಜೂಲ್, ಎಂದರೆ ಸುಮಾರು 8 ಯೂನಿಟ್. ಅಷ್ಟರಲ್ಲಿ ಬೆಟಗೇರಿಯ ಹೊಲದ 5 ಎಚ್‌ಪಿ ಪಂಪ್‌ಸೆಟ್ಟು ಎರಡು ತಾಸು ನೀರೆತ್ತೀತು.