ಬಹುರೂಪಿ ಸಂಬಂಧ: ಅನುಕೂಲಕ್ಕೆ ತೆರುವ ಬೆಲೆ

ಮಾಹಿತಿಯನ್ನು ಕೋಷ್ಟಕಗಳಲ್ಲಿ ಇಟ್ಟು, ಅವುಗಳನ್ನು ಕೀಲಿಗಳ ಮೂಲಕ ಬೆಸೆಯುವ ರಿಲೇಶನಲ್ ಮಾದರಿಯನ್ನು ಐಬಿಎಂನ ಎಡ್ಗರ್ ಕಾಡ್ 1970ರಲ್ಲಿ ಮಂಡಿಸಿದರು. ಇನ್ನೊಂದು ಕೋಷ್ಟಕದ ಸಾಲನ್ನು ಸೂಚಿಸುವ ಕೀಲಿಗೆ 'ಫಾರಿನ್ ಕೀ' ಎಂದು ಹೆಸರು. ಹಾಗೆಂದು ಘೋಷಿಸಿದರೆ, ಆ ಸಾಲು ನಿಜವಾಗಿ ಇದೆಯೇ ಎಂದು ಇಂದಿನ ಡೇಟಾಬೇಸ್ ತಾನೇ ಪರೀಕ್ಷಿಸುತ್ತದೆ. ಈ ಕಾವಲನ್ನು ಬಿಟ್ಟುಕೊಡುವ ವಿನ್ಯಾಸವೊಂದು ಬಳಕೆಯಲ್ಲಿದೆ. ಅದೇ 'ಪಾಲಿಮಾರ್ಫಿಕ್', ಅಂದರೆ ಬಹುರೂಪಿ ಸಂಬಂಧ. ರೂಬಿ ಆನ್ ರೈಲ್ಸ್ ತಂತ್ರಾಂಶದ 1.1ನೇ ಆವೃತ್ತಿ (2006) ಇದಕ್ಕೆ ಸಿದ್ಧ ಸೌಲಭ್ಯ ಒದಗಿಸಿತು.

ಗ್ರಂಥಾಲಯವೊಂದರಲ್ಲಿ ಪುಸ್ತಕ, ಛಾಯಾಚಿತ್ರ, ಧ್ವನಿಮುದ್ರಿಕೆಗಳಿಗೆ ಬೇರೆ ಬೇರೆ ಕೋಷ್ಟಕಗಳಿವೆ ಎನ್ನೋಣ. ಓದುಗರ ಟಿಪ್ಪಣಿಗಳಿಗೆ ಮಾತ್ರ ಒಂದೇ ಕೋಷ್ಟಕ. ಅದರಲ್ಲಿ 'ಬಗೆ', 'ಸಂಖ್ಯೆ' ಎಂಬ ಎರಡು ಕಾಲಂಗಳು. 'ಪುಸ್ತಕ, 17' ಎಂದರೆ 17ನೇ ಪುಸ್ತಕದ ಟಿಪ್ಪಣಿ. ನಾಳೆ ಭೂಪಟಗಳು ಸೇರಿದರೂ ಈ ಕೋಷ್ಟಕವನ್ನು ಬದಲಿಸಬೇಕಿಲ್ಲ. ಈ ಅನುಕೂಲ ನಿಜವೇ.

ಆದರೆ ಭೌತವಿಜ್ಞಾನದಲ್ಲಿ ಏಕಮಾನವಿಲ್ಲದ 17ಕ್ಕೆ ಸಾಮಾನ್ಯವಾಗಿ ಅರ್ಥವಿಲ್ಲ. ಇಲ್ಲಿ ಏಕಮಾನವನ್ನು ಪಕ್ಕದಲ್ಲಿ ಬರೆದಿದೆ, ಪರೀಕ್ಷಿಸುವವರಿಲ್ಲ. ಫಾರಿನ್ ಕೀ ಒಂದು ನಿಶ್ಚಿತ ಕೋಷ್ಟಕವನ್ನೇ ಸೂಚಿಸಬೇಕು. ಸಾಲಿನಿಂದ ಸಾಲಿಗೆ ಗುರಿ ಬದಲಾದರೆ ಅದನ್ನು ಘೋಷಿಸುವಂತಿಲ್ಲ. 17ನೇ ಪುಸ್ತಕವನ್ನು ಅಳಿಸಿದರೂ ಅದರ ಟಿಪ್ಪಣಿ ಅನಾಥವಾಗಿ ಉಳಿಯಬಹುದು. ಎಲ್ಲ ಟಿಪ್ಪಣಿಗಳನ್ನೂ ಅವುಗಳ ವಸ್ತುವಿನೊಡನೆ ಪಡೆಯಲು ಮೂರು ಕೋಷ್ಟಕಗಳಿಗೂ 'ಜಾಯಿನ್' ಬರೆಯಬೇಕು; ಬಗೆ ಹೆಚ್ಚಿದಂತೆ ಪ್ರಶ್ನೆಯೂ ಉದ್ದವಾಗುತ್ತದೆ. ರೈಲ್ಸ್‌ನಲ್ಲಂತೂ 'ಬಗೆ'ಯಾಗಿ ಸೇರುವುದು ಪ್ರೋಗ್ರಾಮಿನ ಕ್ಲಾಸ್‌ನ ಹೆಸರು. ಪ್ರೋಗ್ರಾಮಿನಲ್ಲಿ ಆ ಹೆಸರು ಬದಲಾದರೆ ಹಳೆಯ ದಾಖಲೆಗಳನ್ನೂ ತಿದ್ದಬೇಕು. ಪ್ರೋಗ್ರಾಮಿಗಿಂತ ದತ್ತಾಂಶದ ಆಯುಸ್ಸು ಸಾಮಾನ್ಯವಾಗಿ ಹೆಚ್ಚು ಎಂಬುದನ್ನು ನೆನೆದರೆ ಇದು ಸಣ್ಣ ದೋಷವಲ್ಲ.

ಬಿಲ್ ಕಾರ್ವಿನ್ 2010ರ ತಮ್ಮ 'ಎಸ್‌ಕ್ಯೂಎಲ್ ಆಂಟಿಪ್ಯಾಟರ್ನ್ಸ್' ಪುಸ್ತಕದಲ್ಲಿ ಇದನ್ನು ತಪ್ಪು ವಿನ್ಯಾಸಗಳ ಸಾಲಿಗೇ ಸೇರಿಸಿದ್ದಾರೆ. ಪರಿಹಾರ ಕಷ್ಟವಲ್ಲ. 'ವಸ್ತು' ಎಂಬ ಮೂಲ ಕೋಷ್ಟಕವೊಂದನ್ನು ಮಾಡಿ, ಪ್ರತಿ ಪುಸ್ತಕ, ಚಿತ್ರ, ಮುದ್ರಿಕೆಗೂ ಅಲ್ಲಿಂದಲೇ ಸಂಖ್ಯೆ ಕೊಟ್ಟರಾಯಿತು. ಟಿಪ್ಪಣಿಯ ಫಾರಿನ್ ಕೀ ಆ ಒಂದನ್ನೇ ಸೂಚಿಸುತ್ತದೆ, ಕಾವಲು ಮರಳುತ್ತದೆ. ಬಗೆಗಳು ಕೆಲವೇ ಇದ್ದರೆ, ಪ್ರತಿಯೊಂದಕ್ಕೂ ಪ್ರತ್ಯೇಕ ಕೊಂಡಿ ಕೋಷ್ಟಕವೂ ಆದೀತು.

ಹಾಗೆಂದು ಬಹುರೂಪಿ ಸಂಬಂಧ ಎಲ್ಲೂ ಸಲ್ಲದೆಂದಲ್ಲ. ಯಾರು ಯಾವಾಗ ಏನನ್ನು ಅಳಿಸಿದರು ಎಂಬ ದಿನಚರಿಯಲ್ಲಿ, ಇಲ್ಲವಾದ ವಸ್ತುವಿನ ಉಲ್ಲೇಖವೂ ಉಳಿಯಬೇಕು; ಅಲ್ಲಿ ಅದು ಒಪ್ಪುತ್ತದೆ. ಉಳಿದೆಡೆ, ಕೋಷ್ಟಕಗಳನ್ನು ಜೋಡಿಸಲು ಕಲಿಸುವ ಅಧ್ಯಾಪಕರು ಇನ್ನೊಂದು ಪ್ರಶ್ನೆಯನ್ನೂ ಕೇಳಿಸಬೇಕು: ಈ ಜೋಡಣೆ ಸರಿಯಿದೆಯೆಂದು ಪರೀಕ್ಷಿಸುವವರು ಯಾರು?